ಮಂಡಿ ಸವೆತಕ್ಕೆ ಬ್ಲಡ್ ಟೆಸ್ಟಾ, ಎಕ್ಸ್‌ರೇನಾ, ಎಂಆರ್‌ಐನಾ? ದುಡ್ಡು ಕಟ್ಟೋಕೆ ಮುಂಚೆ ಇದನ್ನೊಂದ್ಸಲ ನೋಡಿ

ಕಾಫಿ ಕುಯ್ಲು ಮುಗಿದು ಕರಿಮೆಣಸಿನ ಕೆಲಸವೂ ಒಂದು ಹಂತಕ್ಕೆ ಬಂತು ಅಂದ್ರೆ ನಮ್ಮ ಲ್ಯಾಬಿಗೆ ಮಂಡಿ ನೋವಿನೋರು ಸಾಲಾಗಿ ಬರ್ತಾರೆ, ಇಳಿಜಾರು ತೋಟದಲ್ಲಿ ತಿಂಗಳುಗಟ್ಲೆ ಹತ್ತಿ ಇಳಿದ್ಮೇಲೆ ಕಾಲು ಸುಮ್ನೆ ಬಿಡುತ್ತಾ. ಮೊದಲೆಲ್ಲ ಡಾಕ್ಟ್ರು ಬರೆದ ಚೀಟಿ ಕೊಟ್ಟು ಕೈ ಚಾಚ್ತಿದ್ರು ಅಷ್ಟೇ. ಈಗ ಫೋನಲ್ಲಿ ನೋಡ್ಕೊಂಡು ಬಂದು "ಕಾರ್ಟಿಲೇಜ್ ಸವೆದಿರೋದು ರಕ್ತದಲ್ಲೇ ಗೊತ್ತಾಗುತ್ತಂತಲ್ಲ, ಆ ಟೆಸ್ಟ್ ಮಾಡ್ತೀರಾ?" ಅಂತ ಕೇಳ್ತಾರೆ. ನಾನು ದಕ್ಷಿಣ ಕೊಡಗಲ್ಲಿ ರಕ್ತ ತೆಗೆಯೋ ಕೆಲಸದಲ್ಲಿರೋನು, ಡಾಕ್ಟ್ರಲ್ಲ, ಹಾಗಾಗಿ ಮಾತ್ರೆ ಹೆಸರು ಹೇಳಲ್ಲ. ಯಾವ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ.

ಮೊದಲೇ ಹೇಳ್ಬಿಡ್ತೀನಿ. ಅಂಥ ಟೆಸ್ಟ್‌ಗಳು ಇವೆ, ಸುಳ್ಳಲ್ಲ, ಆದ್ರೆ ಅವು ಇನ್ನೂ ಸಂಶೋಧನೆ ಮಾಡೋರ ಕೈಯಲ್ಲಿರೋ ಸಾಮಾನು, ನಿಮ್ಮೊಬ್ಬರ ಮಂಡಿ ಬಗ್ಗೆ ತೀರ್ಮಾನ ಕೊಡೋವಷ್ಟು ಪಳಗಿಲ್ಲ. ಮಂಡಿ ನೋವಿಗೆ ರಕ್ತ ಕೊಡೋದ್ರಿಂದ ಉಪಯೋಗ ಖಂಡಿತ ಇದೆ, ಆದ್ರೆ ಸವೆತ ಹಿಡಿಯೋಕಲ್ಲ, ಸವೆತ ಅಲ್ಲದ ಬೇರೆ ಕಾಯಿಲೆ ಒಳಗೆ ಕೂತಿದೆಯಾ ಅಂತ ನೋಡೋಕೆ. ಈ ಎರಡನ್ನ ಒಂದೇ ಅಂತ ತಿಳ್ಕೊಂಡೇ ಜನ ದುಡ್ಡು ಕಳ್ಕೊಳ್ಳೋದು.

ಕಾರ್ಟಿಲೇಜ್ ಅಂದ್ರೆ ಎರಡು ಎಲುಬು ಸೇರೋ ಜಾಗದಲ್ಲಿರೋ ನುಣುಪಾದ ಹೊದಿಕೆ. ಅದರಲ್ಲಿ ಮುಕ್ಕಾಲು ಭಾಗದಷ್ಟು ನೀರೇ, ಉಳಿದದ್ದರಲ್ಲಿ ಮುಖ್ಯವಾದ್ದು ಟೈಪ್ 2 ಕೊಲಾಜೆನ್ ಅನ್ನೋ ನಾರು ಮತ್ತೆ ನೀರು ಹಿಡಿದಿಟ್ಕೊಳ್ಳೋ ಅಗ್ರಿಕಾನ್ ಅನ್ನೋ ಪ್ರೋಟೀನು. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ, ಅದಕ್ಕೇ ಸವೆಯೋಕೆ ಶುರುವಾದಾಗ ನೋವೂ ಗೊತ್ತಾಗಲ್ಲ, ಒಂದ್ಸಲ ಹೋದ್ರೆ ಸರಿಯಾಗಿ ಮತ್ತೆ ಬೆಳೆಯೋದೂ ಇಲ್ಲ. ಸವೆಯುವಾಗ ಅದರ ಚೂರುಗಳು ಮೊದಲು ಕೀಲಿನೊಳಗಿನ ನೀರಿಗೆ ಬಿಡುಗಡೆ ಆಗ್ತವೆ, ಅಲ್ಲಿಂದ ರಕ್ತಕ್ಕೆ, ಆಮೇಲೆ ಲಿವರ್ರು ಕಿಡ್ನಿ ಅದನ್ನ ಹೊರಗೆ ಹಾಕ್ತವೆ. ಈ ದಾರಿಯಲ್ಲಿ ಎಲ್ಲಾದ್ರೂ ಆ ಚೂರನ್ನ ಹಿಡಿದು ಅಳೆಯೋದಕ್ಕೇ ಬಯೋಮಾರ್ಕರ್ ಅನ್ನೋದು. ಐಡಿಯಾ ಚೆನ್ನಾಗೇ ಇದೆ. ತೊಂದರೆ ಏನಂದ್ರೆ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದ್ರೆ ಮೇಲೆಲ್ಲೋ ಮಣ್ಣಿನ ಬರೆ ಜರಿದಿದೆ ಅಂತ ಗೊತ್ತಾಗುತ್ತೆ, ಯಾರ ತೋಟದ ಬರೆ ಅಂತ ನೀರು ನೋಡಿ ಹೇಳೋಕಾಗಲ್ಲ. ರಕ್ತದ ಕಥೆಯೂ ಹಾಗೇ. ಕೈಬೆರಳಿನ ಗೆಣ್ಣು, ಸೊಂಟ, ಬೆನ್ನಿನ ಡಿಸ್ಕು, ಎರಡು ಮಂಡಿ, ಎಲ್ಲದರಿಂದಲೂ ಬಂದದ್ದು ಒಂದೇ ಟ್ಯೂಬಲ್ಲಿ ಸೇರಿರುತ್ತೆ.

ಈಗ ಒಂದೊಂದೇ ನೋಡೋಣ. ಹೆಚ್ಚು ಹೆಸರು ಮಾಡಿರೋದು ಕಾಂಪ್ (COMP) ಅನ್ನೋ ಪ್ರೋಟೀನು, 1992ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನ ಮೊದಲು ವಿವರಿಸಿದ್ದು. ಸವೆತ ಇರೋ ಜನರ ಗುಂಪು ತಗೊಂಡು ಸರಾಸರಿ ನೋಡಿದ್ರೆ ಆರೋಗ್ಯವಂತರಿಗಿಂತ ಇದು ಜಾಸ್ತಿ ಇರುತ್ತೆ, ಅದು ನಿಜ. ಆದ್ರೆ ಇದು ಕಾರ್ಟಿಲೇಜಲ್ಲಿ ಮಾತ್ರ ಇರೋದಲ್ಲ, ಸ್ನಾಯು ಎಲುಬಿಗೆ ಅಂಟೋ ಟೆಂಡನ್ನಲ್ಲಿದೆ, ಎಲುಬಿಗೆ ಎಲುಬು ಕಟ್ಟೋ ಲಿಗಮೆಂಟಲ್ಲಿದೆ, ಕೀಲಿನ ಒಳಪದರದಲ್ಲೂ ಇದೆ. ವಯಸ್ಸಾದ್ರೆ ಏರುತ್ತೆ. ನಡೆದ್ರೂ ಏರುತ್ತೆ! ಅರ್ಧ ಗಂಟೆ ನಡೆಸಿ ರಕ್ತ ತೆಗೆದ್ರೆ ಏನೂ ಕಾಯಿಲೆ ಇಲ್ಲದೋರಲ್ಲೂ ಮೇಲೆ ಹೋಗಿರುತ್ತೆ, ಅರ್ಧ ಗಂಟೆ ಕೂರಿಸಿದ್ರೆ ಮತ್ತೆ ಇಳಿಯುತ್ತೆ. ನಮ್ಮಲ್ಲಿಗೆ ಬರೋರನ್ನ ನೆನೆಸ್ಕೊಂಡ್ರೆ ನಗು ಬರುತ್ತೆ. ಮೊನ್ನೆ ಒಬ್ರು ದೊಡ್ಡವರು ಲೈನ್ ಮನೆ ಹಿಂದಿನ ಒಳದಾರಿ ಹತ್ತಿ, ಬಸ್ಸು ಸಿಗದೆ ಮೇನ್ ರೋಡಲ್ಲೂ ನಡೆದು, ಕೊಡೆಯಿಂದ ನೀರು ಇಳಿತಾ ಇರ್ಬೇಕಾದ್ರೆ ಬಂದು "ಬೇಗ ತೆಗಿ ಮಗಾ, ವಾಪಸ್ ಬಸ್ಸಿಗೆ ಟೈಮಾಯ್ತು" ಅಂತ ತೋಳು ಮಡಚಿದ್ರು. ಅವರದ್ದು ಸಕ್ಕರೆ ಟೆಸ್ಟು, ಏನೂ ತೊಂದರೆ ಇಲ್ಲ. ಅದೇ ಕಾಂಪ್ ಆಗಿದ್ರೆ ನಾವು ಅಳೆದದ್ದು ಅವರ ಮಂಡಿಯನ್ನೋ ಆ ಏರನ್ನೋ ದೇವರೇ ಹೇಳ್ಬೇಕು.

ಎರಡನೇದು ಸಿಟಿಎಕ್ಸ್-2. ಇದು ಟೈಪ್ 2 ಕೊಲಾಜೆನ್ ನಾರು ತುಂಡಾದಾಗ ಬರೋ ಚೂರು, ಹೆಚ್ಚಾಗಿ ಮೂತ್ರದಲ್ಲಿ ಅಳೆಯೋದು, ಅದನ್ನ ಮೂತ್ರದಲ್ಲೇ ಇರೋ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯದ ಜೊತೆ ಲೆಕ್ಕ ಹಾಕಿ ಹೇಳ್ತಾರೆ. ಸಂಶೋಧನೆಯಲ್ಲಿ ಇದಕ್ಕೆ ಕಾಂಪ್‌ಗಿಂತ ಸ್ವಲ್ಪ ಮರ್ಯಾದೆ ಜಾಸ್ತಿ, ಮುಂದೆ ಸವೆತ ಹೆಚ್ಚಾಗೋರು ಯಾರು ಅಂತ ಊಹಿಸೋದ್ರಲ್ಲಿ ಒಂದಿಷ್ಟು ಕೆಲಸ ಮಾಡುತ್ತೆ. ಆದ್ರೆ ಇದಕ್ಕೂ ಬೆಳಿಗ್ಗೆ ಒಂದು ಲೆಕ್ಕ ಸಾಯಂಕಾಲ ಒಂದು ಲೆಕ್ಕ, ಹೆಂಗಸರಲ್ಲಿ ಮುಟ್ಟು ನಿಂತ್ಮೇಲೆ ಏರುತ್ತೆ.

ಇಲ್ಲೊಂದು ಗೊಂದಲ ಇದೆ, ಇದನ್ನ ಮಾತ್ರ ಮರೀಬೇಡಿ. ದೊಡ್ಡ ಲ್ಯಾಬ್‌ಗಳ ಪಟ್ಟಿಯಲ್ಲಿ ಸಿಟಿಎಕ್ಸ್ ಅಥವಾ ಬೀಟಾ ಕ್ರಾಸ್‌ಲ್ಯಾಪ್ಸ್ ಅಂತ ಒಂದು ರಕ್ತದ ಟೆಸ್ಟ್ ಇರುತ್ತೆ. ಅದು ಸಿಟಿಎಕ್ಸ್-1. ಅದು ಹೇಳೋದು ಎಲುಬು ಕರಗೋದನ್ನ, ಕಾರ್ಟಿಲೇಜನ್ನಲ್ಲ. ಎಲುಬು ಟೊಳ್ಳಾಗೋ ಆಸ್ಟಿಯೋಪೊರೋಸಿಸ್‌ಗೆ ಮಾತ್ರೆ ತಗೊಳ್ತಿರೋರಲ್ಲಿ ಅದು ಕೆಲಸ ಮಾಡ್ತಿದೆಯಾ ನೋಡೋಕೆ ಡಾಕ್ಟ್ರು ಬರೆಯೋದು ಇದನ್ನೇ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡ್ಬೇಕು. ಮಂಡಿ ಸವೆತಕ್ಕೆ ಅಂತ ಇದನ್ನ ಮಾಡಿಸ್ಕೊಂಡು "ನಾರ್ಮಲ್ ಬಂತು, ನನ್ನ ಕಾರ್ಟಿಲೇಜ್ ಚೆನ್ನಾಗಿದೆ" ಅಂತ ಖುಷಿಯಾಗಿ ಹೋದೋರಿದ್ದಾರೆ. ಒಂದು ಅಂಕಿ ವ್ಯತ್ಯಾಸ, ಎರಡು ಬೇರೆ ಬೇರೆ ವಸ್ತು. ಹಾಗೇ ಆಸ್ಟಿಯೋಪೊರೋಸಿಸ್ಸು ಆಸ್ಟಿಯೋ ಆರ್ಥ್ರೈಟಿಸ್ಸು ಒಂದೇ ಅಂದ್ಕೊಳ್ಳೋದೂ ತಪ್ಪು. ಮೊದಲನೇದು ಎಲುಬಿನ ಗಟ್ಟಿತನದ್ದು, ಎರಡನೇದು ಕೀಲಿಂದು, ನಾವು ಸವೆತ ಅನ್ನೋದು ಇದನ್ನೇ.

ಹೈಯಲುರಾನಿಕ್ ಆಸಿಡ್ ಅಂತ ಇನ್ನೊಂದಿದೆ. ಊಟ ಮಾಡಿದ್ರೆ ಏರುತ್ತೆ, ಓಡಾಡಿದ್ರೆ ಏರುತ್ತೆ, ಲಿವರ್ ಗಟ್ಟಿಯಾಗ್ತಿರೋರಲ್ಲಂತೂ ಎಷ್ಟು ಏರುತ್ತೆ ಅಂದ್ರೆ ಅದನ್ನ ಲಿವರ್ ಟೆಸ್ಟಾಗೇ ಬಳಸ್ತಾರೆ. ಡ್ರಿಂಕ್ಸ್ ಅಭ್ಯಾಸ ಇರೋರ ರಿಪೋರ್ಟಲ್ಲಿ ಇದು ಜಾಸ್ತಿ ಬಂದ್ರೆ ಮಂಡಿಗಿಂತ ಮೊದಲು ಬೇರೇದನ್ನ ಯೋಚಿಸ್ಬೇಕು.

ಹಾಗಾದ್ರೆ ಪೇಪರಲ್ಲಿ ಬಂದದ್ದೆಲ್ಲ ಬೊಗಳೆನಾ? ಅಲ್ಲ. 2024ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯೋರು ಇಂಗ್ಲೆಂಡಿನ 200 ಬಿಳಿಯ ಹೆಂಗಸರ ಹಳೇ ರಕ್ತದ ಸ್ಯಾಂಪಲ್ ತಗೊಂಡು ನೋಡಿದ್ರು, ಅವರಲ್ಲಿ ಅರ್ಧ ಜನಕ್ಕೆ ಆಮೇಲೆ ಮಂಡಿ ಸವೆತ ಬಂದಿತ್ತು. ಎಕ್ಸ್‌ರೇಯಲ್ಲಿ ಕಾಣೋಕೆ 8 ವರ್ಷ ಮುಂಚಿನ ರಕ್ತದಲ್ಲೇ ಆರು ಪ್ರೋಟೀನ್ ಚೂರುಗಳನ್ನ ಸೇರಿಸಿ ನೋಡಿದ್ರೆ ಯಾರಿಗೆ ಬರುತ್ತೆ ಯಾರಿಗೆ ಬರಲ್ಲ ಅಂತ ಬೇರೆ ಮಾಡೋ ಶಕ್ತಿ 77 ಪರ್ಸೆಂಟ್ ಬಂತು. ನಾಣ್ಯ ಚಿಮ್ಮಿದ್ರೇ ಈ ಲೆಕ್ಕದಲ್ಲಿ 50 ಬರುತ್ತೆ, ವಯಸ್ಸು ತೂಕ ನೋಡಿ ಹೇಳಿದ್ರೆ 51, ಹಾಗೆ ನೋಡಿದ್ರೆ 77 ಅನ್ನೋದು ದೊಡ್ಡ ಮಾತೇ. ಆದ್ರೆ ಒಂದೇ ದೇಶದ, ಒಂದೇ ಜನಾಂಗದ, ಬರೀ ಹೆಂಗಸರು, ಅದೂ 200 ಜನ. ನಮ್ಮೂರಿನ ಗಂಡಸಿಗೋ ತೋಟದ ಕೆಲಸದ ಹೆಂಗಸಿಗೋ ಅದೇ ಲೆಕ್ಕ ಕೂರುತ್ತೆ ಅಂತ ಅದರಿಂದ ಹೇಳೋಕಾಗಲ್ಲ. ಅದಕ್ಕೂ ಮುಂಚೆ 2021ರಲ್ಲಿ ಐಸ್‌ಲ್ಯಾಂಡಲ್ಲಿ 35 ಸಾವಿರಕ್ಕೂ ಹೆಚ್ಚು ಜನರ ರಕ್ತದಲ್ಲಿ ಸಾವಿರಾರು ಪ್ರೋಟೀನ್ ಜಾಲಾಡಿ ಸಿಆರ್‌ಟಿಎಸಿ-1 ಅನ್ನೋದನ್ನ ಹಿಡಿದ್ರು, ಇದು ಜಾಸ್ತಿ ಇರೋರಲ್ಲಿ ಮುಂದೆ ಕೀಲು ಬದಲಿಸೋ ಆಪರೇಷನ್ ಆಗೋದು ಜಾಸ್ತಿ ಅಂತ ಕಂಡ್ಬಂತು. ನನಗನಿಸೋ ಪ್ರಕಾರ ಮುಂದೊಂದು ದಿನ ನಮ್ಮ ಲ್ಯಾಬಿಗೆ ಏನಾದ್ರೂ ಬಂದ್ರೆ ಇಂಥ ಹೊಸ ಪ್ರೋಟೀನಿಂದಲೇ ಬರೋದು, ಹಳೇ ಕಾಂಪ್‌ನಿಂದಲ್ಲ.

ಇಷ್ಟೊಂದು ತಲೆ ಕೆಡಿಸ್ಕೊಳ್ಳೋದು ಯಾಕೆ ಅಂದ್ರೆ, ಎಕ್ಸ್‌ರೇ ಹೇಳೋದು ಈವರೆಗೆ ಎಷ್ಟು ಸವೆದಿದೆ ಅಂತ, ಮಾರ್ಕರ್ ಹೇಳ್ಬೇಕಾದ್ದು ಈಗ ಎಷ್ಟು ಜೋರಾಗಿ ಸವೆಯುತ್ತಿದೆ ಅಂತ. ಹೊಸ ಔಷಧ ಪರೀಕ್ಷೆ ಮಾಡೋ ಕಂಪನಿಗಳಿಗೆ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣೋಕೆ ವರ್ಷಗಟ್ಲೆ ಕಾಯ್ಬೇಕು, ರಕ್ತದಲ್ಲಿ ತಿಂಗಳಲ್ಲೇ ಗೊತ್ತಾದ್ರೆ ಕೋಟಿಗಟ್ಲೆ ಉಳಿಯುತ್ತೆ. ಅಲ್ಲಿ ನೂರಾರು ಜನರ ಸರಾಸರಿ ಸಾಕು. ನಿಮಗೆ ಬೇಕಾದ್ದು ನಿಮ್ಮೊಬ್ಬರ ಉತ್ತರ, ಆ ಇಬ್ಬರ ಅಗತ್ಯ ಬೇರೆ ಬೇರೆ. ಅಮೆರಿಕದಲ್ಲೇ 600 ಜನರನ್ನ ಇಟ್ಕೊಂಡು 18 ಮಾರ್ಕರ್ ನೋಡಿದ ದೊಡ್ಡ ಪ್ರಯತ್ನ ಒಂದಾಗಿ 2016ರಲ್ಲಿ ಪ್ರಕಟ ಆಯ್ತು, ಕೆಲವು ಮಾರ್ಕರ್ ಮುಂದಿನ ಸವೆತವನ್ನ ಸೂಚಿಸಿದ್ವು, ಆದ್ರೆ ಒಬ್ಬೊಬ್ಬರಿಗೆ ಚೀಟಿ ಬರೆದು ಕೊಡೋವಷ್ಟು ಬಲವಾಗಿ ಅಲ್ಲ.

ಸರಿ, ಎಕ್ಸ್‌ರೇ. ಕೆಲವೇ ನೂರು ರೂಪಾಯಿ, ನಮ್ಮ ಊರುಗಳಲ್ಲೇ ಆಗುತ್ತೆ, ನಡುವಯಸ್ಸು ದಾಟಿದೋರ ಮಂಡಿ ನೋವಿಗೆ ಮೊದಲ ಚಿತ್ರ ಬೇಕು ಅಂದ್ರೆ ಇದೇ. ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣಲ್ಲ, ಎರಡು ಎಲುಬಿನ ಮಧ್ಯದ ಗ್ಯಾಪ್ ನೋಡಿ ಅದು ಎಷ್ಟು ಉಳಿದಿದೆ ಅಂತ ಅಂದಾಜು ಮಾಡೋದು. ಅದಕ್ಕೇ ನಿಂತ್ಕೊಂಡೇ ತೆಗೆಸ್ಬೇಕು, ಎರಡೂ ಕಾಲಿಗೆ ಭಾರ ಬಿಟ್ಟು. ಮಲಗಿಸಿ ತೆಗೆದ್ರೆ ಗ್ಯಾಪ್ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದ್ರೆ "ಇದು ಬೇಡ, ನಿಂತು ತೆಗೆಸ್ಕೊಂಡ್ ಬನ್ನಿ" ಅಂತ ಮತ್ತೆ ಕಳಿಸ್ತಾರೆ. ಚೀಟಿಯಲ್ಲಿ ನಿಂತು ಅಂತ ಬರೆದಿದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಕೇಳಿ. ರಿಪೋರ್ಟಲ್ಲಿ ಗ್ರೇಡ್ 2, ಗ್ರೇಡ್ 3 ಅಂತ ಬರುತ್ತಲ್ಲ, ಅದು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನೋರು 1957ರಲ್ಲಿ ಮಾಡಿದ ಲೆಕ್ಕ, ಸೊನ್ನೆಯಿಂದ 4ರವರೆಗೆ. ಗ್ರೇಡ್ ನೋಡಿ ಹೆದರೋದೂ ಬೇಡ, ಗ್ರೇಡ್ 3 ಇದ್ದು ತೋಟ ಸುತ್ತೋರಿದ್ದಾರೆ, ಗ್ರೇಡ್ 1 ಇಟ್ಕೊಂಡು ಮೆಟ್ಟಿಲು ಇಳಿಯೋಕೆ ಅಳೋರೂ ಇದ್ದಾರೆ.

ಇನ್ನೊಂದು ಮಾತು, ಎಷ್ಟೋ ಸಲ ಎಕ್ಸ್‌ರೇಯೂ ಬೇಕಾಗಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ವಯಸ್ಸು 45 ಅಥವಾ ಮೇಲೆ, ಓಡಾಡಿದಾಗ ನೋವು, ಬೆಳಿಗ್ಗೆ ಎದ್ದಾಗ ಬಿಗಿ ಇಲ್ಲ ಅಥವಾ ಅರ್ಧ ಗಂಟೆಗಿಂತ ಜಾಸ್ತಿ ಇರಲ್ಲ, ಇಷ್ಟಿದ್ರೆ ಡಾಕ್ಟ್ರು ಯಾವ ಚಿತ್ರವೂ ಇಲ್ದೆ ಸವೆತ ಅಂತ ಹೇಳ್ಬಹುದು. ಚೆನ್ನಾಗಿ ಕೂರಿಸಿ ಮಾತಾಡ್ಸಿ ಮಂಡಿ ಮುಟ್ಟಿ ನೋಡೋ ಡಾಕ್ಟ್ರು ಸಿಕ್ಕಿದ್ರೆ ಬಿಡ್ಬೇಡಿ, ಅದಕ್ಕಿಂತ ಅಗ್ಗದ ಟೆಸ್ಟ್ ಇಲ್ಲ.

ಎಂಆರ್‌ಐ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕಾರ್ಟಿಲೇಜ್ ನಿಜವಾಗಿ ಕಣ್ಣಿಗೆ ಕಾಣೋದು ಅದರಲ್ಲೇ, ಒಪ್ತೀನಿ. ಆದ್ರೆ ಸಾವಿರಗಟ್ಲೆ ಖರ್ಚು, ನಮ್ಮ ಕಡೆಯಿಂದ ಮೈಸೂರಿಗೋ ಮಂಗಳೂರಿಗೋ ಹೋಗೋರೇ ಜಾಸ್ತಿ, ಒಂದು ದಿನದ ಸಂಬಳ ಹೋಯ್ತು, ಜೊತೆಗೆ ಬಂದೋರದ್ದೂ ಹೋಯ್ತು. ಹೋಗಿ ಬಂದ್ಮೇಲೆ ರಿಪೋರ್ಟಲ್ಲಿ ಅರ್ಧ ಪುಟ ಕಂಪ್ಲೇಂಟು. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವೇ ಇಲ್ಲದ ಜನರ ಎಂಆರ್‌ಐ ತೆಗೆದ್ರೆ 89 ಪರ್ಸೆಂಟ್ ಜನರಲ್ಲಿ ಏನಾದ್ರೊಂದು ದೋಷ ಸಿಕ್ತು, ನೋವು ಇದ್ದೋರಲ್ಲೂ ಇಲ್ಲದೋರಲ್ಲೂ. ಹಾಗಾಗಿ 55ರ ಹರೆಯದೋರು "ಮೆನಿಸ್ಕಸ್ ಹರಿದಿದೆ" (ಮೆನಿಸ್ಕಸ್ ಅಂದ್ರೆ ಮಂಡಿಯೊಳಗಿನ ಮೆತ್ತೆ) ಅನ್ನೋ ಒಂದು ಸಾಲು ಓದಿ ಗಾಬರಿ ಬಿದ್ದು ಆಪರೇಷನ್ ಟೇಬಲ್ ಹತ್ತೋದು ಬೇಡ.

ಎಂಆರ್‌ಐ ಬೇಕಾಗೋರು ಬೇರೆ. ಹಾಕಿ ಹುಡುಗರು. ಕೌಟುಂಬಿಕ ಹಾಕಿ ಸೀಸನ್ ಬಂತು ಅಂದ್ರೆ ಗದ್ದೆ ಮೈದಾನ ಎಲ್ಲಾ ಕಡೆ ಮಂಡಿ ತಿರುಚಿಕೊಳ್ಳೋರು ಇರ್ತಾರೆ, ಆಡುವಾಗ ಟಕ್ ಅಂತ ಸದ್ದು, ಒಂದೆರಡು ಗಂಟೆಯಲ್ಲಿ ಊತ, ಆಮೇಲೆ ನಡೆಯುವಾಗ ಮಂಡಿ ಜಾರಿದ ಹಾಗೆ, ಇಲ್ಲಾ ಮಡಚಿದ್ದು ಬಿಡಿಸೋಕಾಗದೆ ಲಾಕ್ ಆಗೋದು. ಅವರು ರಕ್ತ ಕೊಟ್ಟು ಏನೂ ಪ್ರಯೋಜನ ಇಲ್ಲ, ಬಾಮ್ ಹಚ್ಚಿ ಮುಂದಿನ ಮ್ಯಾಚ್ ಆಡೋದಂತೂ ಬೇಡವೇ ಬೇಡ, ಮೂಳೆ ಡಾಕ್ಟ್ರಿಗೆ ತೋರಿಸಿ ಅವರು ಹೇಳಿದ್ರೆ ಎಂಆರ್‌ಐ ಮಾಡಿಸ್ಬೇಕು. ಲಿಗಮೆಂಟ್ ಹೋದ ಮಂಡಿ ಹತ್ತಿಪ್ಪತ್ತು ವರ್ಷದಲ್ಲಿ ಸವೆಯೋ ಅಪಾಯ ಜಾಸ್ತಿ, 40ಕ್ಕೇ ಅಜ್ಜನ ಮಂಡಿ ಬರೋದು ಹೀಗೇ.

ಇನ್ನು ನಮ್ಮ ಮಾಮೂಲಿ ಬ್ಲಡ್ ಟೆಸ್ಟ್‌ಗಳು. ಇವು ಸವೆತ ತೋರಿಸಲ್ಲ, ಬರೀ ಸವೆತ ಇರೋರಲ್ಲಿ ಇವೆಲ್ಲ ಸಾಮಾನ್ಯವಾಗಿ ನಾರ್ಮಲ್ಲೇ ಬರ್ತವೆ. ಹಾಗಾದ್ರೆ ಯಾಕೆ? ಬೆಳಿಗ್ಗೆ ಎದ್ದು ಒಂದು ಗಂಟೆ ಕೈಬೆರಳು ಮಡಚೋಕಾಗಲ್ಲ, ಎರಡೂ ಕೈಯಲ್ಲಿ ಊತ, ಅಕ್ಕಿ ತೊಳೆಯೋಕೂ ಕಷ್ಟ ಅನ್ನೋ ಅಕ್ಕಂದಿರು ಬಂದ್ರೆ ಅಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಜೊತೆಗೆ ಒಳಗೆ ಉರಿಯೂತ ಇದೆಯಾ ಅಂತ ನೋಡೋ ಇಎಸ್‌ಆರ್, ಸಿಆರ್‌ಪಿ ನಿಜವಾಗಿ ಬೇಕು, ಯಾಕಂದ್ರೆ ಅದು ರುಮಟಾಯ್ಡ್, ಅಂದ್ರೆ ದೇಹದ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳೋ ಕಾಯಿಲೆ ಆಗಿದ್ರೆ ಬೇಗ ಔಷಧ ಶುರು ಮಾಡಿದ್ರೆ ಕೀಲು ಉಳಿಯುತ್ತೆ. ಆರ್‌ಎ ಫ್ಯಾಕ್ಟರ್ ಒಂದನ್ನೇ ನಂಬ್ಬೇಡಿ, ಏನೂ ಇಲ್ಲದ ವಯಸ್ಸಾದೋರಲ್ಲೂ ಪಾಸಿಟಿವ್ ಬರುತ್ತೆ, ಆಂಟಿ ಸಿಸಿಪಿ ಪಾಸಿಟಿವ್ ಬಂದ್ರೆ ಅದರ ತೂಕ ಜಾಸ್ತಿ. ಇಎಸ್‌ಆರ್ 30 ಬಂತು ಅಂತ 70ರ ಅಜ್ಜಿ ಅಳೋದು ನೋಡಿದ್ದೀನಿ. ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅರ್ಧ ಮಾಡಿದ್ರೆ ಎಷ್ಟೋ ಅಷ್ಟರವರೆಗೆ ಪರವಾಗಿಲ್ಲ ಅನ್ನೋದು ಹಳೇ ಲೆಕ್ಕ, 70ಕ್ಕೆ 40. ರಕ್ತ ಕಮ್ಮಿ ಇದ್ರೂ ಇಎಸ್‌ಆರ್ ಏರುತ್ತೆ.

ರಾತ್ರಿ ಮಲಗಿದ್ದಾಗ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ಹೊದಿಕೆ ತಾಗಿದ್ರೂ ಜೀವ ಹೋಗೋ ನೋವು ಅಂದ್ರೆ ಅದು ಗೌಟ್ ಇರ್ಬಹುದು, ಅಂದ್ರೆ ಯೂರಿಕ್ ಆಸಿಡ್ ಕೀಲಲ್ಲಿ ಹರಳುಗಟ್ಟೋ ಕಾಯಿಲೆ, ಯೂರಿಕ್ ಆಸಿಡ್ ನೋಡ್ಬೇಕು. ಪಂದಿಕರಿ, ಮೇಲೆ ಒಂದೆರಡು ಪೆಗ್ಗು, ಮದುವೆ ಸೀಸನ್ನು, ಆಮೇಲೆ ಈ ಹೆಬ್ಬೆರಳು, ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಯೂರಿಕ್ ಆಸಿಡ್ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದ್ರೆ ಹರಳಾಗೋ ಸಾಧ್ಯತೆ ಶುರು, ಆದ್ರೆ ನೋವು ಜೋರಿರೋ ದಿನ ತೆಗೆದ್ರೆ ನಾರ್ಮಲ್ ಬರೋದೂ ಉಂಟು, ಹಾಗಾಗಿ ಇಳಿದ ಮೇಲೆ ಎರಡು ಮೂರು ವಾರ ಬಿಟ್ಟು ಇನ್ನೊಂದ್ಸಲ ನೋಡೋದು ವಾಸಿ. ಜ್ವರ ಬಂದು ಹೋದ್ಮೇಲೆ ಸಣ್ಣ ಕೀಲುಗಳೆಲ್ಲ ತಿಂಗಳುಗಟ್ಲೆ ಹಿಡಿದ್ರೆ ಚಿಕೂನ್‌ಗುನ್ಯಾ ನೆನಪಿರ್ಲಿ, 2006ರಲ್ಲಿ ರಾಜ್ಯದಲ್ಲಿ ಅದು ಹಬ್ಬಿದಾಗ ಎಷ್ಟು ಜನ ಕುಂಟ್ತಿದ್ರು ಅಂತ ಹಳಬರಿಗೆ ಗೊತ್ತು. ಮತ್ತೆ ಒಂದೇ ಮಂಡಿ ದಿಢೀರ್ ಊದಿ, ಮುಟ್ಟಿದ್ರೆ ಬಿಸಿ, ಜೊತೆಗೆ ಜ್ವರ ಅಂದ್ರೆ ಲ್ಯಾಬಿಗೆ ಬರ್ಬೇಡಿ ಸ್ವಾಮಿ, ನೇರ ಆಸ್ಪತ್ರೆಗೆ ಹೋಗಿ, ಒಳಗೆ ಕೀವು ಆಗಿದ್ರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತೆ.

ಪ್ಯಾಕೇಜ್ ವಿಷ್ಯ ಹೇಳಿದ್ರೆ ನಮ್ಮ ಲೈನಿನೋರೇ ಬೈತಾರೆ, ಆದ್ರೂ ಹೇಳ್ತೀನಿ. ಆರ್ಥ್ರೈಟಿಸ್ ಪ್ರೊಫೈಲ್ ಅಂತ ಆಫರ್ ಬರುತ್ತಲ್ಲ, ಅದರಲ್ಲಿ ಎಎಸ್‌ಓ ಅಂತ ಒಂದು ಸೇರಿರೋದು ಮಾಮೂಲು. ಅದು ಗಂಟಲು ಸೋಂಕಿನ ನಂತರ ಮಕ್ಕಳಿಗೆ ಹರೆಯದೋರಿಗೆ ಬರೋ ರುಮಾಟಿಕ್ ಜ್ವರಕ್ಕೆ ಸಂಬಂಧಪಟ್ಟದ್ದು, 60ರ ಮಂಡಿ ನೋವಿಗೆ ಅದರಿಂದ ಏನಾಗ್ಬೇಕು? ಚೀಟಿಯಲ್ಲಿ ಡಾಕ್ಟ್ರು ಬರೆದದ್ದಷ್ಟೇ ಮಾಡಿಸಿ, ಬಿಡಿಬಿಡಿಯಾಗಿ ಮಾಡಿಸಿದ್ರೂ ಎಷ್ಟೋ ಸಲ ಕಮ್ಮಿಯೇ ಬೀಳುತ್ತೆ.

ಕೊನೇಗೆ ಯಾವುದನ್ನ ಆರಿಸ್ಕೊಳ್ಳೋದು ಅಂದ್ರೆ ನಾನು ಕೇಳೋದು ಒಂದೇ, ಈ ರಿಪೋರ್ಟ್ ಬಂದ್ರೆ ನಾಳೆಯಿಂದ ನೀವು ಮಾಡೋದ್ರಲ್ಲಿ ಏನಾದ್ರೂ ಬದಲಾಗುತ್ತಾ? ಆಂಟಿ ಸಿಸಿಪಿ ಪಾಸಿಟಿವ್ ಬಂದ್ರೆ ಔಷಧವೇ ಬದಲಾಗುತ್ತೆ. ಎಂಆರ್‌ಐಯಲ್ಲಿ ಲಿಗಮೆಂಟ್ ಹರಿದದ್ದು ಕಂಡ್ರೆ ಹುಡುಗನ ಆಟ ನಿಲ್ಲುತ್ತೆ, ಆಪರೇಷನ್ ಬೇಕಾ ಅಂತ ಮಾತು ಶುರುವಾಗುತ್ತೆ. ಕಾಂಪ್ ಜಾಸ್ತಿ ಬಂದ್ರೆ? ಆಗಲೂ ಹೇಳೋದು ತೊಡೆ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ತೂಕ ಇಳಿಸಿ, ನೋವಿಗೆ ಡಾಕ್ಟ್ರು ಹೇಳಿದ ಜೆಲ್ಲು. ಕಮ್ಮಿ ಬಂದ್ರೂ ಅದೇ. 2005ರ ಒಂದು ಅಧ್ಯಯನದಲ್ಲಿ ಒಂದು ಕೆಜಿ ತೂಕ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಮ್ಮಿ ಆಗುತ್ತೆ ಅಂತ ಕಂಡುಬಂದಿದೆ. ಆ ಕೆಲಸ ಶುರು ಮಾಡೋಕೆ ಯಾವ ಮಾರ್ಕರ್ ರಿಪೋರ್ಟೂ ಬೇಡ.

ಯಾವುದಾದ್ರೂ ಮೆಡಿಕಲ್ ಕಾಲೇಜಿನ ಸಂಶೋಧನೆಗೆ ಸೇರಿ ಅಂತ ಡಾಕ್ಟ್ರು ಕೇಳಿದ್ರೆ ಮಾತ್ರ ಧಾರಾಳವಾಗಿ ಕೊಡಿ, ಅದಕ್ಕೆ ನಿಮ್ಮಿಂದ ದುಡ್ಡು ಕೇಳ್ಬಾರ್ದು ಅನ್ನೋದನ್ನ ಮೊದಲೇ ಖಚಿತ ಮಾಡ್ಕೊಳ್ಳಿ. ಕೊಡೋ ದಿನ ಖಾಲಿ ಹೊಟ್ಟೆಯಲ್ಲಿ ಬನ್ನಿ, ಹಿಂದಿನ ದಿನ ತೋಟದಲ್ಲಿ ಭಾರ ಹೊರೋದು ಬೇಡ, ಬಂದ್ಮೇಲೆ ಕನಿಷ್ಠ ಅರ್ಧ ಗಂಟೆ ಬೆಂಚಲ್ಲಿ ಸುಮ್ನೆ ಕೂತಿರಿ, ಎರಡನೇ ಸಲ ಕರೆದಾಗಲೂ ಅದೇ ಹೊತ್ತಿಗೆ ಬನ್ನಿ. ಮೂತ್ರ ಕೇಳಿದ್ರೆ ಸಾಮಾನ್ಯವಾಗಿ ಬೆಳಿಗ್ಗೆ ಎದ್ದ ಕೂಡ್ಲೇದು ಬಿಟ್ಟು ಎರಡನೇದು ಹಿಡೀರಿ. ಮಳೆಗಾಲದಲ್ಲಿ ಮರ ಬಿದ್ದು ರೋಡು ಬಂದ್ ಆಗಿರೋ ದಿನ ಮಾತ್ರ ಬರೋದಕ್ಕೆ ಮುಂಚೆ ಒಂದು ಫೋನ್ ಮಾಡಿ, ಐಸ್ ಪ್ಯಾಕಲ್ಲಿಟ್ಟ ಸ್ಯಾಂಪಲ್ ಸಾಯಂಕಾಲದ ಬಸ್ಸಿಗೆ ಹೋಗದೆ ನಮ್ಮ ಫ್ರಿಜ್ಜಲ್ಲೇ ಕೂತು, ಕರೆಂಟೂ ಹೋಯ್ತು ಅಂದ್ರೆ ಮತ್ತೆ ಚುಚ್ಚಿಸ್ಕೋಬೇಕಾಗೋದು ನೀವೇ.